ಗ್ರೀಕ್ ಬಟ್ಟಲಿನ ಪ್ರತಿಕೃತಿಗೆ ವೈನ್ ಸುರಿಯುವ ಮುನ್ನ

ಅಥೆನ್ಸ್‌ನ ಪ್ರವಾಸಿ ಬೀದಿಯ ಅಂಗಡಿಯೊಂದರಲ್ಲಿ ಕೊಂಡ ಕೈಲಿಕ್ಸ್ ಇದು: ಅಗಲ ಬಾಯಿ, ಎರಡು ಹಿಡಿಕೆ, ಎತ್ತರದ ಪಾದದ ವೈನ್ ಬಟ್ಟಲು. ‘ಹಳೇ ವಿಧಾನದಲ್ಲೇ ಮಾಡಿದ್ದು, ಧಾರಾಳವಾಗಿ ಕುಡಿಯಬಹುದು’ ಅಂತ ಹೇಳಿಯೇ ಮಾರಿದರು. ಕೆಂಪು ವೈನ್ ಸುರಿದು ಅರ್ಧ ಗಂಟೆಯೊಳಗೆ ಹಿಡಿಕೆಯ ಬುಡದಲ್ಲಿ ತೇವ ಜಿನುಗಿತು. ಒಳಗಿನ ವೃತ್ತದ ಚಿತ್ರದಲ್ಲಿದ್ದ ಗ್ರೀಕರ ವೈನ್ ದೇವರು ಡಯೊನೈಸಸ್‌ನ ಗಡ್ಡದ ಕಪ್ಪು ಮೆತ್ತಗಾಗಿ ಬೆರಳಿಗೆ ಹತ್ತಿತು. ಪಾದದಡಿಯ ಬೆಲೆಚೀಟಿ ಕಿತ್ತಾಗ ಅದರ ಕೆಳಗೆ ‘ಅಲಂಕಾರಕ್ಕೆ ಮಾತ್ರ’ ಎಂಬ ಇನ್ನೊಂದು ಚೀಟಿ. ಇದು ಮೋಸ.

ಕ್ರಿಸ್ತಪೂರ್ವ 6–5ನೇ ಶತಮಾನದ ಅಥೆನ್ಸ್ ಕುಂಬಾರರ ಕಪ್ಪು, ಮೇಲೆ ಹಚ್ಚಿದ ಬಣ್ಣವಲ್ಲ. ಕಬ್ಬಿಣದ ಅಂಶವಿರುವ ಜೇಡಿಮಣ್ಣನ್ನು ನೀರಲ್ಲಿ ಕದಡಿ, ದಪ್ಪ ಕಣ ತಳ ಸೇರಿದ ಮೇಲೆ ಉಳಿದ ನಯವಾದ ಮಣ್ಣನ್ನು ಬಳಿಯುತ್ತಿದ್ದರು. ಆವಿಗೆಯಲ್ಲಿ ಮೊದಲು ಗಾಳಿಯಾಡುವಂತೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಸೌದೆ ತುರುಕಿ 900 ದಾಟಿಸಿದರೆ ಇಡೀ ಪಾತ್ರೆ ಕಪ್ಪಾಗುತ್ತದೆ, ಬಳಿದ ಪದರ ಗಾಜುಗಟ್ಟುತ್ತದೆ. ಮತ್ತೆ ಗಾಳಿ ಬಿಟ್ಟಾಗ ಬರೀ ಮಣ್ಣು ಕೆಂಪಿಗೆ ತಿರುಗುತ್ತದೆ. ಗಾಜುಗಟ್ಟಿದ ಪದರದೊಳಕ್ಕೆ ಗಾಳಿ ಹೋಗದ ಕಾರಣ ಅದು ಕಪ್ಪಾಗಿಯೇ ಉಳಿಯುತ್ತದೆ. ಎಂಥ ಹಿಡಿತ ನೋಡಿ! ವೈನಿಗೆ ನೀರು ಬೆರೆಸುತ್ತಿದ್ದ ದೊಡ್ಡ ಪಾತ್ರೆಯಾದ ಕ್ರೇಟರ್‌ನ ಒಳಮೈಗೂ ಇದನ್ನೇ ಬಳಿಯುತ್ತಿದ್ದರು, ದ್ರವ ಮಣ್ಣಿಗಿಳಿಯದಂತೆ.

ಅಗ್ಗದ ಪ್ರತಿಕೃತಿಗಳಲ್ಲಿ ಸುಟ್ಟ ಮಣ್ಣಿನ ಮೇಲೆ ಆಕ್ರಿಲಿಕ್ ಬಳಿದು ವಾರ್ನಿಷ್ ಹೊಡೆದಿರುತ್ತಾರೆ. ವೈನಿನ ಆಲ್ಕೋಹಾಲಿಗೆ ಅದು ಮೆತ್ತಗಾಗಿ ಎದ್ದು ಬರುತ್ತದೆ. ಮಣ್ಣಿನ ರಂಧ್ರಕ್ಕೆ ಇಳಿದ ವೈನ್ ಅಲ್ಲೇ ಹುಳಿಯುತ್ತದೆ, ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ.

ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಹತ್ತಿ ಅದ್ದಿ, ಪಾದದ ಅಂಚಿನ ಕಪ್ಪನ್ನು ಮೆಲ್ಲಗೆ ಉಜ್ಜಿ. ಹತ್ತಿ ಕಪ್ಪಾದರೆ ಅದು ಶೋಕೇಸಿನ ವಸ್ತು. ಆಗದಿದ್ದರೂ ನಿಶ್ಚಿಂತೆಯಿಂದ ಕುಡಿಯುವಂತಿಲ್ಲ: ಗಾಜಿನಂತೆ ದಪ್ಪ ಹೊಳಪಿದ್ದರೆ ಅದು ವಿಷಕಾರಿ ಲೋಹವಾದ ಸೀಸ ಬೆರೆತ ಗ್ಲೇಜ್ (ಗಾಜಿನಂಥ ಲೇಪ) ಇರಬಹುದು. ವೈನಿನ ಹುಳಿ ಸೀಸವನ್ನು ಕರಗಿಸಿಕೊಳ್ಳುತ್ತದೆ. ರುಚಿಯಲ್ಲಿ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಶೇ. 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ತುಂಬಿಟ್ಟು, ಅದಕ್ಕೆ ಇಳಿದ ಸೀಸವನ್ನು ಅಳೆಯುವ ಲ್ಯಾಬ್ ಪರೀಕ್ಷೆಯ ವರದಿ ಕೇಳಿ. ಬಾಯಿಮಾತು ಬೇಡ, ಬರಹದಲ್ಲಿ ಬೇಕು. ಅದಿಲ್ಲದ ಕ್ರೇಟರನ್ನು ಊಟದ ಮೇಜಿಗೆ ತರಲೇಬೇಕೆಂದರೆ ಒಳಗೊಂದು ಗಾಜಿನ ಜಾಡಿ ಇಟ್ಟು, ವೈನನ್ನು ಅದಕ್ಕೇ ಸುರಿಯಿರಿ.