8×4 ಶೀಟು, 10×14 ಶೆಡ್ಡು: ನನ್ನ ಪಾಲಿಗೆ ಯಾವ ಗರಗಸ ಗೆದ್ದಿತು

ಮೊದಲೇ ಹೇಳಿಬಿಡುತ್ತೇನೆ, ಪ್ಲೈವುಡ್ ಕೊಯ್ಯುವ ವಿಷಯದಲ್ಲಿ ನಾನು ಸರ್ಕ್ಯುಲರ್ ಸಾ (ಕೈಯಲ್ಲಿ ಹಿಡಿದು ಓಡಿಸುವ ದುಂಡು ಬ್ಲೇಡಿನ ಗರಗಸ) ಮತ್ತು ರೌಟರ್ (ತಿರುಗುವ ಬಿಟ್‌ನಿಂದ ಅಂಚು ಕೆತ್ತುವ ಮಷಿನ್) ಕಡೆಯವನು. ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಬಂದಿರುವ ಗರಗಸ) ಕೊಂಡು, ಒಂದು ವರ್ಷ ಒದ್ದಾಡಿ, 5,000 ರೂಪಾಯಿ ಕಳೆದುಕೊಂಡು ಮಾರಿದ ಮೇಲೆ ಈ ಕಡೆ ಬಂದೆ. ಹಾಗಾಗಿ ಇದನ್ನು ತಕ್ಕಡಿ ಹಿಡಿದು ತೂಗಿದ ಹೋಲಿಕೆ ಅಂತ ಓದಬೇಡಿ.

ನನ್ನ ಶೆಡ್ಡು ಹುಬ್ಬಳ್ಳಿಯ ಉಣಕಲ್ ಕಡೆ, ಮನೆಯ ಹಿಂದೆ ಇದೆ. 10 ಅಡಿ ಅಗಲ, 14 ಅಡಿ ಉದ್ದ, ಮೇಲೆ ತಗಡು. ಹಗಲು ಬೇರೆ ನೌಕರಿ. ಸಂಜೆ ಆರರಿಂದ ಎಂಟು, ಮತ್ತೆ ಭಾನುವಾರ, ಅಷ್ಟೇ ನನ್ನ ಕೆಲಸದ ಹೊತ್ತು. ಎಂಟರ ಮೇಲೆ ಮಷಿನ್ ಸದ್ದು ಕೇಳಿದರೆ ಪಕ್ಕದ ಮನೆ ಅಜ್ಜ ಕಾಂಪೌಂಡ್ ಮೇಲಿಂದ ಟಾರ್ಚ್ ಬಿಡುತ್ತಾರೆ. ಮಾಡುವುದು ಪ್ಲೈವುಡ್ ಕಪಾಟು, ಓದುವ ಟೇಬಲ್ಲು, ಕಮಾನಿನ ತಲೆಹಲಗೆ ಇರುವ ಮಂಚ, ಮಕ್ಕಳ ತೂಗುಕುದುರೆ. ಅಂದರೆ ಮೊದಲು ದೊಡ್ಡ ಶೀಟು ನೇರವಾಗಿ ಕೊಯ್ಯಬೇಕು, ಆಮೇಲೆ ಕೆಲವು ತುಂಡುಗಳನ್ನು ಬಾಗಿದ ಆಕಾರಕ್ಕೆ ತರಬೇಕು. ಜಗಳ ಇರುವುದು ಈ ಎರಡರಲ್ಲೇ.

ಟೇಬಲ್ ಸಾ ಕೊಂಡಾಗ ನಾನು ಮಷಿನ್ನಿನ ಅಳತೆ ನೋಡಿದ್ದೆ. ಶೀಟು ಓಡಾಡುವ ಜಾಗ ಲೆಕ್ಕ ಹಾಕಿರಲಿಲ್ಲ. 8 ಅಡಿ ಶೀಟನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ ಬೇಕು, ಹಿಂದೆ 8 ಅಡಿ ಬೇಕು. ಟೇಬಲ್ಲೂ ಸೇರಿ 18 ಅಡಿ ಆಯಿತು. ನನ್ನ ಹತ್ತಿರ ಇರುವುದೇ 14. ಕೊನೆಗೆ ಬಾಗಿಲ ಹತ್ತಿರ ಮಷಿನ್ ಇಟ್ಟು, ಕೊಯ್ದ ಶೀಟು ಹಿತ್ತಲಿಗೆ ಹೊರಬರುವ ಹಾಗೆ ಮಾಡಿದೆ. ಹಿತ್ತಲಲ್ಲಿ ತುಳಸಿಕಟ್ಟೆ ಇತ್ತು. ಇನ್ನೊಂದು ಅಡಿ ಉಳಿದಿರುವಾಗ ಶೀಟಿನ ಮೂಗು ಕಟ್ಟೆಗೆ ಬಡಿದು ನಿಂತಿತು. ಮುಂದೆ ತಳ್ಳುವ ಹಾಗಿಲ್ಲ, ಹಿಂದೆ ಎಳೆದರೆ ಬ್ಲೇಡಿಗೆ ಸಿಕ್ಕಿ ಶೀಟು ಎದೆಗೆ ಹಾರುತ್ತದೆ. ಸ್ವಿಚ್ ಆರಿಸಿ, ಉಳಿದದ್ದನ್ನು ಕೈಗರಗಸದಲ್ಲಿ ಕೊಯ್ದೆ.

ಮುಂದಿನ ವಾರ ಹೆಂಡತಿಯನ್ನು ಆ ಕಡೆ ಹಿಡಿಯಲು ನಿಲ್ಲಿಸಿದೆ. ಆಕೆ ಕೇಳಿದಳು, "ನೀವು ದಬ್ಬತೀರೋ, ನಾ ಎಳೀಲೋ? ಒಂದ ಹೇಳ್ರಿ." ನ್ಯಾಯವಾದ ಪ್ರಶ್ನೆ. ಇಬ್ಬರು ಹಿಡಿದಾಗ ಒಬ್ಬರು ಸ್ವಲ್ಪ ಪಕ್ಕಕ್ಕೆ ವಾಲಿದರೂ ಶೀಟು ಫೆನ್ಸ್ (ನೇರ ಹೋಗಲು ಒರಗಿಸುವ ಪಟ್ಟಿ) ಬಿಟ್ಟು ಬ್ಲೇಡಿಗೆ ಒತ್ತುತ್ತದೆ. 18 ಎಂಎಂ ಪ್ಲೈ ಪೂರ್ತಿ ಶೀಟು ಅಂದರೆ 30 ಕಿಲೋ ಮೇಲೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ 40ರ ಹತ್ತಿರ. ಅಷ್ಟು ಭಾರವನ್ನು ತಿರುಗುವ ಬ್ಲೇಡಿನ ಮೇಲೆ ಸಮನಾಗಿ ಜಾರಿಸುವುದು ಒಬ್ಬನ ಕೆಲಸ ಅಲ್ಲ. ಸಣ್ಣ ತುಂಡುಗಳಿಗೆ ಟೇಬಲ್ ಸಾ ರಾಜ, ಅದನ್ನು ಒಪ್ಪುತ್ತೇನೆ. ಒಂದೇ ಅಗಲದ ಇಪ್ಪತ್ತು ಪಟ್ಟಿ ಬೇಕು ಅಂದರೆ ಇವತ್ತಿಗೂ ಅದು ನೆನಪಾಗುತ್ತದೆ.

ಈಗಿನ ಕ್ರಮ ಬೇರೆ. ಶೀಟು ಟಂಟಂನಿಂದ ಇಳಿದರೆ ಸೀದಾ ನೆಲಕ್ಕೆ. ನೆಲದ ಮೇಲೆ ಎರಡು ಇಂಚಿನ ಥರ್ಮಾಕೋಲ್ ಹಾಸಿರುತ್ತೇನೆ. ಅದರ ಮೇಲೆ ಶೀಟು ಮಲಗಿಸಿ, ಸರ್ಕ್ಯುಲರ್ ಸಾ ಬ್ಲೇಡನ್ನು ಪ್ಲೈ ಮತ್ತು ಅದರ ಮೇಲಿಡುವ ಗೈಡ್ ತಳ ಸೇರಿದ ದಪ್ಪಕ್ಕಿಂತ 4 ಎಂಎಂ ಜಾಸ್ತಿ ಇಳಿಸಿ, ಮೊಣಕಾಲ ಮೇಲೆ ಕೂತು ಕೊಯ್ಯುತ್ತೇನೆ. ಕೊಯ್ದ ಎರಡೂ ಭಾಗ ಇದ್ದಲ್ಲೇ ಇರುತ್ತವೆ. ಬೀಳುವುದಿಲ್ಲ, ಬಾಗುವುದಿಲ್ಲ, ಬ್ಲೇಡನ್ನು ಹಿಡಿಯುವುದಿಲ್ಲ. ಚೆಂದದ ಮುಖ ಕೆಳಗೆ ಇರಬೇಕು, ಯಾಕೆಂದರೆ ಸರ್ಕ್ಯುಲರ್ ಸಾ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಸಿಬಿರು ಏಳುವುದು ಮೇಲಿನ ಮುಖದಲ್ಲಿ.

ನೇರ ಬರಲು ಗೈಡ್ ನಾನೇ ಮಾಡಿಕೊಂಡೆ. ತಳಕ್ಕೆ 6 ಎಂಎಂ ಪ್ಲೈ. ಅದರ ಮೇಲೆ ಹೊಸ ಶೀಟಿನ ಫ್ಯಾಕ್ಟರಿ ಅಂಚು ಇರುವ ಒಂದು ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿದೆ. ಸಾ ತಳವನ್ನು ಆ ಪಟ್ಟಿಗೆ ಒತ್ತಿ ಒಮ್ಮೆ ಓಡಿಸಿದರೆ ಕೆಳಗಿನ 6 ಎಂಎಂ ಪ್ಲೈ ಬ್ಲೇಡಿನ ಗೆರೆಗೆ ಸರಿಯಾಗಿ ಕತ್ತರಿಸಿಕೊಳ್ಳುತ್ತದೆ. ಆಮೇಲೆ ಆ ಅಂಚನ್ನು ಪೆನ್ಸಿಲ್ ಗೆರೆ ಮೇಲೆ ಇಟ್ಟು ಕ್ಲ್ಯಾಂಪ್ ಹಾಕಿದರೆ ಆಯಿತು, ಅಳೆಯುವ ತಲೆನೋವೇ ಇಲ್ಲ. ಬ್ಲೇಡ್ ಬೇರೆ ದಪ್ಪದ್ದು ಹಾಕಿದರೆ ಮಾತ್ರ ಗೈಡ್ ಕೆಟ್ಟಂತೆ. ಹಾಗಾಗಿ ಬ್ಲೇಡಿನ ಮೇಲೂ ಗೈಡ್ ಮೇಲೂ ಒಂದೇ ಹಸಿರು ಬಣ್ಣದ ಚುಕ್ಕೆ ಇಟ್ಟಿದ್ದೇನೆ.

ಹಳಿಯ ಮೇಲೆ ಜಾರುವ ಟ್ರ್ಯಾಕ್ ಸಾ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ನನ್ನ ಜೇಬು ಒಪ್ಪಲಿಲ್ಲ.

ಮಾರ್ಬಲ್ ಕಟರ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನಮ್ಮ ಊರಲ್ಲಿ ಇಂಟೀರಿಯರ್ ಕೆಲಸದವರ ಕೈಯಲ್ಲಿ ಕಾಣುವುದು ಅದೇ. ನಾಲ್ಕು ಇಂಚಿನ ಕಟರ್, ಅದಕ್ಕೆ ಮರ ಕೊಯ್ಯುವ ಬ್ಲೇಡು. ಅಗ್ಗ, ಹಗುರ, ಒಂದೇ ಕೈಯಲ್ಲಿ ಹಿಡಿಯಬಹುದು. ನಾನೂ ಆರು ತಿಂಗಳು ಓಡಿಸಿದ್ದೇನೆ. ಆದರೆ ಅದು ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತದೆ, ಬ್ಲೇಡ್ ಮುಚ್ಚಿಕೊಳ್ಳುವ ಗಾರ್ಡ್ ಇಲ್ಲ. ಕಲ್ಲು ಪುಡಿಯಾಗುತ್ತದೆ, ಕಟ್ಟಿಗೆ ಬ್ಲೇಡನ್ನು ಹಿಡಿಯುತ್ತದೆ. ಹಿಡಿದ ಕ್ಷಣ ಮಷಿನ್ ಹಿಂದಕ್ಕೆ ಜಿಗಿಯುತ್ತದೆ. ಒಮ್ಮೆ ಜಿಗಿದು ನನ್ನ ಚಪ್ಪಲಿಯ ಉಂಗುಷ್ಟ ಕತ್ತರಿಸಿತು. ಕಾಲಿನ ಉಂಗುಷ್ಟ ಉಳಿಯಿತು. ಅವತ್ತೇ ಅದನ್ನು ಟೈಲ್ಸ್ ಹಾಕುವವನಿಗೆ ಕೊಟ್ಟುಬಿಟ್ಟೆ.

ಹೊತ್ತು ತರುವುದು ಇನ್ನೊಂದು ಪಾಡು. ಗೇಟಿನಿಂದ ಶೆಡ್ಡಿಗೆ ನಲವತ್ತು ಹೆಜ್ಜೆ. ಆಷಾಢದ ಗಾಳಿಯಲ್ಲಿ ಶೀಟು ಎತ್ತಿದರೆ ಹಾಯಿ ಕಟ್ಟಿದ ದೋಣಿ ಆಗುತ್ತೇವೆ. ನೈಲಾನ್ ಹಗ್ಗವನ್ನು ಉದ್ದನೆಯ ಕುಣಿಕೆ ಮಾಡಿ, ಶೀಟಿನ ಕೆಳಗಿನ ಎರಡೂ ಮೂಲೆಗೆ ಸಿಕ್ಕಿಸಿ, ನಡುವೆ ಹಿಡಿದು ಎತ್ತಿದರೆ ಒಬ್ಬನೇ ತರಬಹುದು. ಗಾಳಿ ಇದ್ದ ದಿನ ಸುಮ್ನೆ ಸಂಜೆ ತನಕ ಕಾಯಿರಿ.

ಇನ್ನು ಬಾಗಿದ ತುಂಡುಗಳು. ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ, ಅದೂ ಜಿಗ್ಸಾ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಕೈಗರಗಸದ ಮಷಿನ್) ಮೇಲೆ.

ಗದಗಿನಲ್ಲಿರುವ ಅಕ್ಕನ ಮಗನಿಗೆ ತೂಗುಕುದುರೆ ಮಾಡಲು ಹೊರಟೆ. ಕುದುರೆಗೆ ಕೆಳಗೆ ಎರಡು ಬಾಗಿದ ಕಾಲುಪಟ್ಟಿ ಬೇಕು. ಎರಡು 18 ಎಂಎಂ ಪ್ಲೈ ಅಂಟಿಸಿ 36 ಎಂಎಂ ದಪ್ಪ ಮಾಡಿದೆ. ಉದ್ದನೆಯ ರೀಪಿನ ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಪೆನ್ಸಿಲ್ ತೂತು ಮಾಡಿ, ಪಡಸಾಲೆಯಲ್ಲಿ ಕೂತು ಕಮಾನು ಎಳೆದೆ. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜಿಗ್ಸಾ ಹಿಡಿದು ಗೆರೆಯ ಮೇಲೆ ಕೊಯ್ದೆ. ಮೇಲಿನಿಂದ ನೋಡಿದರೆ ಬಹಳ ಚೆಂದ ಬಂದಿತ್ತು. ಜಂಬದಿಂದ ಫೋಟೋ ಕೂಡ ತೆಗೆದೆ.

ಪಟ್ಟಿ ಮಗುಚಿ ಮೂಲೆಮಟ್ಟ ಇಟ್ಟಾಗ ಗೊತ್ತಾಯಿತು. ಮೇಲಿನ ಅಂಚು ಗೆರೆ ಮೇಲೆ ಇದೆ, ಕೆಳಗಿನ ಅಂಚು ಅಲ್ಲಲ್ಲಿ 3 ಎಂಎಂ ಹೊರಗೆ. ನಡುವೆ ಒಂದು ಕಡೆ ಒಳಗೆ. ಒಂದೇ ಕೊಯ್ತದಲ್ಲಿ ಹಾವು ಹೊರಳಿದ ಹಾಗೆ ಹೊರಳಿದೆ. ಮೇಲೆ ಕಂಡದ್ದನ್ನು ನಂಬಿ ಕುದುರೆ ಕೂಡಿಸಿಬಿಡೋಣ ಅನಿಸಿತು. ಅರ ಹಿಡಿದು ಅರ್ಧ ಗಂಟೆ ಉಜ್ಜಿ, "ಸಾಕು" ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಕೂಡಿಸಿಯೂ ಬಿಟ್ಟೆ.

ಹುಡುಗ ಕೂತು ತೂಗಿದ. ಹತ್ತು ಸಲ ತೂಗುವಷ್ಟರಲ್ಲಿ ಕುದುರೆ ಒಂದು ಗೇಣು ಎಡಕ್ಕೆ ಸರಿದಿತ್ತು. "ಮಾಮಾ, ಕುದರಿ ಗ್ವಾಡಿ ಕಡೆ ಹೊಂಟೈತಿ" ಅಂದ. ಹಿಡಿದು ನಡುವೆ ತಂದು ಇಟ್ಟೆವು. ಮತ್ತೆ ಹೊರಟಿತು. ಎರಡು ಪಟ್ಟಿಗಳ ಬಾಗು ಒಂದೇ ಇರಲಿಲ್ಲ, ಅಂಚೂ ಓರೆ. ಹಿಂದೆ ಮುಂದೆ ತೂಗಬೇಕಾದದ್ದು ಪಕ್ಕಕ್ಕೆ ನಡೆಯುತ್ತಿತ್ತು.

ನಮ್ಮ ಓಣಿಯ ಬಡಿಗ ಕಾಕಾಗೆ ತುಂಡು ತೋರಿಸಿದೆ. ಅವರು ಜಿಗ್ಸಾ ಬ್ಲೇಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ತಮ್ಮಾ, ಹಲ್ಲಿ ಬಾಲ ಇದ್ದಂಗೈತಿ ಇದು. ಮ್ಯಾಲ ಮಷಿನ್ ಹಿಡಕೊಂಡೈತಿ. ಕೆಳಗ ಯಾರ ಹಿಡಿತಾರ?" ಅಷ್ಟೇ ವಿಷಯ. ಬ್ಲೇಡಿಗೆ ಹಿಡಿತ ಇರುವುದು ಮೇಲೆ ಮಾತ್ರ. ದಪ್ಪ ತುಂಡಿನಲ್ಲಿ ತಿರುವು ಬಂದಾಗ ನಾವು ಮಷಿನ್ ಮೇಲ್ಭಾಗ ತಿರುಗಿಸುತ್ತೇವೆ, ಕೆಳಗಿನ ತುದಿ ತನಗೆ ಬೇಕಾದ ದಾರಿ ಹಿಡಿಯುತ್ತದೆ. ಅವಸರದಿಂದ ತಳ್ಳಿದರೆ ಇನ್ನೂ ಜಾಸ್ತಿ. ಹಲ್ಲು ಮೊಂಡಾಗಿದ್ದರೆ ಕೇಳಲೇಬೇಡಿ.

ಸರಿಪಡಿಸಲು ಎಲ್ಲಾ ನೋಡಿದೆ. ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಪೆಂಡುಲಂ ಸೊನ್ನೆಗೆ ಇಟ್ಟೆ. ಬ್ಲೇಡ್ ತಳಕ್ಕೆ 90 ಡಿಗ್ರಿ ಇದೆಯೇ ಅಂತ ಪ್ರತಿ ಸಲ ನೋಡಿದೆ. ಬಾಷ್ ಕಂಪನಿಯ ಬ್ಲೇಡ್‌ಗಳಲ್ಲಿ ಟಿ 244 ಡಿ ತಿರುವಿಗೆ ಅಂತಲೇ ಮಾಡಿದ್ದು, ಸರಾಗ ತಿರುಗುತ್ತದೆ, ಆದರೆ ಅಂಚು ಒರಟು. ಟಿ 101 ಎಒ ಸಣ್ಣ ಹಲ್ಲಿನದು. ಅಂಚು ನಯ, ಆದರೆ ತೆಳು ಪ್ಲೈಗಷ್ಟೇ ಸರಿ. ಟಿ 144 ಡಿಪಿ ದಪ್ಪ ಬ್ಲೇಡು, ಕಡಿಮೆ ಬಾಗುತ್ತದೆ. ಆದರೆ ದಪ್ಪ ಇರುವುದರಿಂದಲೇ ಬಿಗಿ ತಿರುವಿಗೆ ಒಲ್ಲೆ ಅನ್ನುತ್ತದೆ. ಬಾಗದ ಬ್ಲೇಡು ತಿರುಗುವುದಿಲ್ಲ, ತಿರುಗುವ ಬ್ಲೇಡು ಬಾಗುತ್ತದೆ. ಮೂರು ಪ್ಯಾಕೆಟ್ ಬ್ಲೇಡ್ ಖರ್ಚಾದ ಮೇಲೆ ಈ ಬುದ್ಧಿ ಬಂತು.

ಹಾಗಾದರೆ ಬ್ಯಾಂಡ್ ಸಾ (ಎರಡು ಗಾಲಿಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಮಷಿನ್)? ಬೆಟಗೇರಿಯ ಗೆಳೆಯನ ಹತ್ತಿರ 14 ಇಂಚಿನದು ಇದೆ. ಒಂದು ಭಾನುವಾರ ಪೂರ್ತಿ ಅಲ್ಲಿ ಕೊಯ್ದೆ. ಬ್ಲೇಡ್‌ಗೆ ಮೇಲೂ ಕೆಳಗೂ ಹಿಡಿತ ಇದೆ, ಹಾಗಾಗಿ 36 ಎಂಎಂ ಇರಲಿ, ಮೂರು ಇಂಚಿನ ಸಾಗವಾನಿ ಇರಲಿ, ಅಂಚು ನೆಟ್ಟಗೆ. ಕಾಲು ಇಂಚಿನ ಬ್ಲೇಡ್ ಹಾಕಿದರೆ ಸುಮಾರು 16 ಎಂಎಂ ತ್ರಿಜ್ಯದ ತಿರುವು ತನಕ ಹೋಗುತ್ತದೆ. ಅರ್ಧ ಇಂಚಿನದಾದರೆ ಸುಮಾರು 64 ಎಂಎಂ. ಸದ್ದೂ ಕಡಿಮೆ. ಪಕ್ಕದ ಮನೆ ಅಜ್ಜ ಟಾರ್ಚ್ ಮರೆತೇ ಬಿಡುತ್ತಿದ್ದರು.

ಆದರೂ ಕೊಳ್ಳಲಿಲ್ಲ. ಬ್ಲೇಡಿಗೂ ಅದರ ಕಂಬಕ್ಕೂ ನಡುವೆ 14 ಇಂಚೂ ಪೂರ್ತಿ ಸಿಗುವುದಿಲ್ಲ. ನನ್ನ ಮಂಚದ ತಲೆಹಲಗೆ 4 ಅಡಿ ಅಗಲ. ಕಮಾನಿನ ಅರ್ಧಕ್ಕೆ ಬರುವಷ್ಟರಲ್ಲಿ ಹಲಗೆ ಕಂಬಕ್ಕೆ ತಾಗುತ್ತದೆ. ಮತ್ತೆ ಅದೇ ಟೇಬಲ್ ಸಾ ಕಥೆ, ದೊಡ್ಡ ಶೀಟನ್ನು ಒಂದೇ ಕಡೆ ನಿಂತ ಮಷಿನ್ ಸುತ್ತ ಕುಣಿಸುವುದು. ಮರದ ದಿಮ್ಮಿ ಕೆಲಸವೇ ಜಾಸ್ತಿ ಇದ್ದವರು ಕಣ್ಣು ಮುಚ್ಚಿ ತಗೊಳ್ಳಿ. ನನಗೆ ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತದೆ, ಆಗ ಗೆಳೆಯನ ಮನೆಗೆ ಒಂದು ಕಿಲೋ ಫೇಡೆ ಒಯ್ಯುತ್ತೇನೆ.

ನನ್ನ ಕೈಗೆ ಒಗ್ಗಿದ್ದು ಟೆಂಪ್ಲೇಟ್ ಮತ್ತು ರೌಟರ್. 9 ಎಂಎಂ ಎಂಡಿಎಫ್‌ನಲ್ಲಿ ಒಂದೇ ಒಂದು ಕಾಲುಪಟ್ಟಿಯ ಆಕಾರ ಮಾಡಿದೆ. ತೆಳುವಾದ ಎಂಡಿಎಫ್ ಅರಕ್ಕೂ ಸ್ಯಾಂಡ್‌ಪೇಪರ್‌ಗೂ ಬೆಣ್ಣೆ ಹಾಗೆ ಬಗ್ಗುತ್ತದೆ. ಎಷ್ಟು ಹೊತ್ತು ಬೇಕೋ ಅಷ್ಟು ಕೂತು ನಯ ಮಾಡಿದೆ. ಆಮೇಲೆ ಪ್ಲೈ ಮೇಲೆ ಅದರ ಗೆರೆ ಎಳೆದು, ಜಿಗ್ಸಾದಿಂದ 2 ಎಂಎಂ ಹೊರಗೆ ಒರಟಾಗಿ ಕೊಯ್ದೆ. ಬೈಗುಳ ತಿಂದ ಜಿಗ್ಸಾಗೆ ಈಗ ಇದೇ ಕೆಲಸ. ಟೆಂಪ್ಲೇಟನ್ನು ಎರಡು ಮುಖದ ಟೇಪಿನಿಂದ ಅಂಟಿಸಿ, ಬೇರಿಂಗ್ ಇರುವ ಬಿಟ್ ಹಾಕಿ ರೌಟರ್ ಸುತ್ತಿಸಿದೆ. ಬೇರಿಂಗ್ ಟೆಂಪ್ಲೇಟ್ ಮೇಲೆ ಉರುಳುತ್ತದೆ, ಹಲ್ಲು ಉಳಿದ 2 ಎಂಎಂ ಕೆತ್ತುತ್ತದೆ. ಅಂಚು ಮೂಲೆಮಟ್ಟಕ್ಕೆ ಕಚ್ಚಿ ಕೂರುತ್ತದೆ.

36 ಎಂಎಂ ದಪ್ಪಕ್ಕೆ ನನ್ನ ಟ್ರಿಮ್ಮರ್‌ನ (ಅಂದರೆ ಸಣ್ಣ ರೌಟರ್) 25 ಎಂಎಂ ಬಿಟ್ ಸಾಲುವುದಿಲ್ಲ. ಅದಕ್ಕೆ ಮೊದಲು ಒಂದೇ ಪದರ ಮುಗಿಸುತ್ತೇನೆ. ಎರಡನೆಯ ಪದರವನ್ನು ಒರಟಾಗಿ ಕೊಯ್ದು ಅದಕ್ಕೆ ಅಂಟಿಸಿ, ಮರುದಿನ ಮೊದಲ ಪದರವನ್ನೇ ಟೆಂಪ್ಲೇಟ್ ಮಾಡಿಕೊಂಡು ಬೇರಿಂಗ್ ಓಡಿಸುತ್ತೇನೆ. ಎರಡು ಪಟ್ಟಿ ಒಂದರ ಮೇಲೊಂದು ಇಟ್ಟು ಬೆರಳಾಡಿಸಿದರೆ ಮೆಟ್ಟಿಲೇ ಸಿಗುವುದಿಲ್ಲ.

ರೌಟರ್‌ಗೂ ಕೋಪ ಇದೆ. ಸಾಗವಾನಿಯಲ್ಲಿ ಎಳೆಗೆ ಎದುರು ಹೋದರೆ ತುಂಡನ್ನೇ ಕಿತ್ತು ಎಸೆಯುತ್ತದೆ. ಉಬ್ಬಿನ ನೆತ್ತಿಯಿಂದ ತುದಿಯ ಕಡೆ ಇಳಿಯಬೇಕು, ತುದಿಯಿಂದ ನೆತ್ತಿಗೆ ಏರಬಾರದು. ಇನ್ನರ್ಧಕ್ಕೆ ತುಂಡನ್ನು ಮಗುಚಿ, ಬೇರಿಂಗ್ ಇನ್ನೊಂದು ತುದಿಯಲ್ಲಿರುವ ಬಿಟ್ ಹಾಕುತ್ತೇನೆ. ಧೂಳಂತೂ ವಿಪರೀತ. ಎಂಡಿಎಫ್ ಧೂಳಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲುವುದಿಲ್ಲ, ಸರಿಯಾದ ಮಾಸ್ಕೇ ಬೇಕು.

ಅರ, ಉಳಿ, ರಂದಾ ಹಿಡಿದು ಪೂರ್ತಿ ಕೈಯಲ್ಲೇ ಮಾಡುವ ದಾರಿಯೂ ಇದೆ. ಕಾಕಾ ಹಾಗೇ ಮಾಡುತ್ತಾರೆ, ನನಗಿಂತ ಬೇಗ ಮಾಡುತ್ತಾರೆ. ನನಗೆ ಆ ಕೈ ಇಲ್ಲ. ಗಿರಾಕಿಗಳು "ಕಲಘಟಗಿ ತೊಟ್ಟಲಾ ಮಾಡ್ತೀರೇನ್ರಿ ಸರ?" ಅಂತ ಕೇಳಿದರೆ ಸೀದಾ ಕಲಘಟಗಿಗೇ ಕಳಿಸುತ್ತೇನೆ. ಅರಗಿನ ಬಣ್ಣದ ಆ ಕೆಲಸ ಪ್ಲೈ ಕೊಯ್ಯುವವನದ್ದಲ್ಲ.

ಖರ್ಚು ಹೇಳುವುದಾದರೆ ಸರ್ಕ್ಯುಲರ್ ಸಾ, ಟ್ರಿಮ್ಮರ್, ಬಿಟ್‌ಗಳು, ಥರ್ಮಾಕೋಲ್ ಎಲ್ಲಾ ಸೇರಿ ಟೇಬಲ್ ಸಾ ಮಾರಿ ಬಂದ 19,000ದಲ್ಲೇ ಮುಗಿಯಿತು. ಜಿಗ್ಸಾ ಮೊದಲೇ ಇತ್ತು. ಕೆಲಸ ಮುಗಿದ ಮೇಲೆ ಎಲ್ಲವೂ ಒಂದು ಕಪಾಟಿನೊಳಗೆ ಹೋಗುತ್ತವೆ. ಶೆಡ್ಡಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಉಳಿಯುತ್ತದೆ. ಹೆಂಡತಿಯ ಮತ ಬಿದ್ದದ್ದು ಇದೇ ಕಾರಣಕ್ಕೆ.

ಹೊಸ ಪಟ್ಟಿ ಹಾಕಿದ ಎರಡನೆಯ ಕುದುರೆಯನ್ನು ದೀಪಾವಳಿಗೆ ಗದಗಿಗೆ ಒಯ್ದೆ. ಇದ್ದ ಜಾಗ ಬಿಟ್ಟು ಒಂದು ಇಂಚು ಕದಲಲಿಲ್ಲ. ಹುಡುಗ ಐದು ನಿಮಿಷ ತೂಗಿ ಇಳಿದು, ಹಳೆಯದನ್ನೇ ಎಳೆದುಕೊಂಡು ಬಂದ. "ಇದು ಬ್ಯಾಡ ಮಾಮಾ. ಇದು ಎಲ್ಲೂ ಹೋಗಂಗಿಲ್ಲ."