ಎಫ್‌ಟಿಎಕ್ಸ್: ಆ್ಯಪ್ ಚೆನ್ನಾಗಿತ್ತು, ದುಡ್ಡು ಮಾತ್ರ ಇರಲಿಲ್ಲ

ಎಫ್‌ಟಿಎಕ್ಸ್ ಅಂದ್ರೆ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯ ಕೊಂಡು ಮಾರೋ ಎಕ್ಸ್‌ಚೇಂಜ್, 2022ರಲ್ಲಿ ದಿವಾಳಿ ಆಯಿತು. ಬಾಗಿಲು ಹಾಕಿದ ಅಂಗಡಿಗೆ ಈಗ್ಯಾಕೆ ರಿವ್ಯೂ ಅಂತ ನೀವು ಕೇಳಬಹುದು. "ಎಫ್‌ಟಿಎಕ್ಸ್ ಗ್ರಾಹಕರಿಗೆ ಬಡ್ಡಿ ಸಮೇತ ಪೂರ್ತಿ ದುಡ್ಡು ಬಂತಲ್ಲ, ಶೇ 119 ಕೊಟ್ಟರಲ್ಲ, ಇನ್ನೇನು ಬೇಕಿತ್ತು?" ಅನ್ನೋ ಮಾತು ಈಗಲೂ ಓಡಾಡುತ್ತಿದೆ, ಅದಕ್ಕೇ. ಆ 119ರ ಒಳಗೆ ಏನಿದೆ ಅಂತ ಬಿಡಿಸಿ ನೋಡದೆ ಈ ಸರ್ವಿಸ್‌ಗೆ ಮಾರ್ಕ್ಸ್ ಹಾಕೋಕೆ ಆಗಲ್ಲ. ನಾನು ಅಲ್ಲಿ ಖಾತೆ ಇಟ್ಟವನಲ್ಲ. ಕೋರ್ಟಿನಲ್ಲಿ ಹೊರಬಂದ ವಿಷಯ, ಗ್ರಾಹಕರು ಪಟ್ಟ ಪಾಡು, ಇವೆರಡನ್ನೂ ಮೊದಲಿಂದ ಗಮನಿಸಿದವನು ಅಷ್ಟೆ.

ಮೊದಲು ಒಳ್ಳೇದನ್ನೇ ಹೇಳಿಬಿಡೋಣ. ಟ್ರೇಡಿಂಗ್ ಮಾಡೋರು ಎಫ್‌ಟಿಎಕ್ಸ್ ಅನ್ನು ಸುಮ್ನೆ ಹೊಗಳುತ್ತಿರಲಿಲ್ಲ. 2019ರಲ್ಲಿ ಶುರುವಾದ ಈ ಎಕ್ಸ್‌ಚೇಂಜ್ ಟ್ರೇಡರ್‌ಗಳೇ ಟ್ರೇಡರ್‌ಗಳಿಗೆ ಅಂತ ಕಟ್ಟಿದ್ದು, ಅದು ಗೊತ್ತಾಗುತ್ತಿತ್ತು. ಫೀಸ್ ಕಡಿಮೆ. ಒಂದೇ ಖಾತೆಯ ಒಳಗೆ ಬೇರೆ ಬೇರೆ ಉಪಖಾತೆ ಮಾಡಿಕೊಳ್ಳಬಹುದಿತ್ತು. ಒಂದು ನಾಣ್ಯವನ್ನು ಅಡ ಇಟ್ಟು ಇನ್ನೊಂದರಲ್ಲಿ ವ್ಯವಹಾರ ಮಾಡೋದು ಸಲೀಸಾಗಿತ್ತು. ಅದರ ಮೇಲೆ ಪ್ರಚಾರದ ಭರಾಟೆ: ಮಿಯಾಮಿಯ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂಗೆ ಕಂಪನಿಯ ಹೆಸರು, ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 2022ರಲ್ಲಿ ಜಾಹೀರಾತು, ಆ ವರ್ಷದ ಜನವರಿಯಲ್ಲಿ ಕಂಪನಿಗೆ 3,200 ಕೋಟಿ ಡಾಲರ್ ಬೆಲೆ ಕಟ್ಟಿದ ದೊಡ್ಡ ದೊಡ್ಡ ಹೂಡಿಕೆದಾರರು. ಸ್ಕ್ರೀನ್ ಒಂದನ್ನೇ ನೋಡಿ ಕೇಳಿದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಮುಚ್ಚಿಹೋಗುವ ಹಿಂದಿನ ವಾರದ ತನಕ ಬಂದ ರಿವ್ಯೂಗಳೆಲ್ಲ ಹೆಚ್ಚುಕಮ್ಮಿ ಸ್ಕ್ರೀನಿನ ರಿವ್ಯೂಗಳೇ.

ಆದರೆ ಗ್ರಾಹಕರು ಅಲ್ಲಿ ಬಳಸುತ್ತಿದ್ದದ್ದು ಎರಡು ಸರ್ವಿಸ್. ಕೊಳ್ಳೋದು ಮಾರೋದು ಒಂದು, ಕೊಂಡದ್ದನ್ನು ಜೋಪಾನವಾಗಿ ಇಟ್ಟುಕೊಳ್ಳೋದು ಇನ್ನೊಂದು. ಈ ಎರಡನೇದನ್ನು ಯಾರೂ ರಿವ್ಯೂ ಮಾಡಿರಲಿಲ್ಲ, ಮಾಡೋಕೆ ದಾರಿಯೂ ಇರಲಿಲ್ಲ ಬಿಡಿ. ಕಂಪನಿಯ ಷರತ್ತುಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಮ್ಮ ಖಾತೆಯ ಡಿಜಿಟಲ್ ಆಸ್ತಿ ಯಾವತ್ತೂ ನಿಮ್ಮದೇ, ಅದು ಕಂಪನಿಯ ಆಸ್ತಿ ಅಲ್ಲ, ಕಂಪನಿಗೆ ಸಾಲ ಕೊಟ್ಟಂತೆಯೂ ಅಲ್ಲ. ಓದಿದವರಿಗೆ ಸಮಾಧಾನ ಆಗುವಂಥ ಮಾತು.

ಒಳಗೆ ನಡೆಯುತ್ತಿದ್ದದ್ದು ಬೇರೆ. 2023ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಕೋರ್ಟಿನಲ್ಲಿ ಕಂಪನಿಯ ಸಹಸ್ಥಾಪಕ ಗ್ಯಾರಿ ವಾಂಗ್ ಸಾಕ್ಷಿ ಹೇಳಿದಾಗ ಅದೆಲ್ಲ ಹೊರಬಂತು. ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್‌ಗೆ ಅಲಮೇಡಾ ರಿಸರ್ಚ್ ಅನ್ನೋ ಸ್ವಂತ ಟ್ರೇಡಿಂಗ್ ಕಂಪನಿ ಇತ್ತಲ್ಲ, ಅದರ ಖಾತೆಗೆ ಮಾತ್ರ ಕೋಡ್‌ನಲ್ಲಿ ಒಂದು ಸಣ್ಣ ಗುರುತು ಹಾಕಿದ್ದರು. ಹೆಸರೇ 'ಅಲೋ ನೆಗೆಟಿವ್'. ಅಂದ್ರೆ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋದರೂ ಆ ಖಾತೆಯನ್ನು ತಡೆಯಬೇಡ ಅಂತ. ಬೇರೆ ಯಾವ ಗ್ರಾಹಕನ ಖಾತೆಯಾದರೂ ಆ ಸ್ಥಿತಿಗೆ ಬಂದರೆ ಸಿಸ್ಟಂ ತಾನೇ ಎಲ್ಲ ಮಾರಿ ಕೈತೊಳೆದುಕೊಳ್ಳುತ್ತಿತ್ತು. ಅಲಮೇಡಾಗೆ ಆ ಕಾಟ ಇಲ್ಲ. ಕೊನೆಗೆ ಅದರ ಸಾಲದ ಮಿತಿ 6,500 ಕೋಟಿ ಡಾಲರ್‌ಗೆ ಮುಟ್ಟಿತ್ತು. ಮಜಾ ನೋಡಿ, ಈ ಸೌಲಭ್ಯ ಕೋಡ್‌ಗೆ ಸೇರಿದ್ದು 2019ರ ಜುಲೈ 31ರಂದು. ಅದೇ ದಿನ ಸ್ಯಾಮ್, ಅಲಮೇಡಾದ ಖಾತೆ ಎಲ್ಲರ ಖಾತೆಯ ಹಾಗೇ ಅಂತ ಟ್ವೀಟ್ ಮಾಡಿದ್ದ.

ಇನ್ನೊಂದು ಇದಕ್ಕಿಂತ ಸಣ್ಣದು, ಆದರೆ ನನಗೆ ಜಾಸ್ತಿ ಸಿಟ್ಟು ತರಿಸಿದ್ದು ಇದೇ. ವೆಬ್‌ಸೈಟ್‌ನಲ್ಲಿ 'ಇನ್ಶೂರೆನ್ಸ್ ಫಂಡ್' ಅಂತ ಒಂದು ಮೊತ್ತ ತೋರಿಸುತ್ತಿದ್ದರು. ಯಾರಾದರೂ ದೊಡ್ಡ ಟ್ರೇಡರ್ ಮುಳುಗಿದರೆ ಉಳಿದವರಿಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳೋ ನಿಧಿ ಇದು ಅಂತ ಲೆಕ್ಕ. ಆ ಸಂಖ್ಯೆ ದಿನಾ ಬದಲಾಗುತ್ತಿತ್ತು, ನೋಡಿದವರಿಗೆ ಅಸಲಿ ಲೆಕ್ಕ ಅನ್ನಿಸುತ್ತಿತ್ತು. ವಾಂಗ್ ಕೋರ್ಟಿನಲ್ಲಿ ಹೇಳಿದ ಪ್ರಕಾರ ಅದು ಯಾವ ನಿಧಿಯ ಲೆಕ್ಕವೂ ಅಲ್ಲ. ದಿನದ ವಹಿವಾಟಿನ ಮೊತ್ತ ತೆಗೆದುಕೊಂಡು, 7,500ರ ಆಸುಪಾಸಿನ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ, 100 ಕೋಟಿಯಿಂದ ಭಾಗಿಸಿ, ಬಂದದ್ದನ್ನು ಕೂಡಿಸುತ್ತಾ ಹೋಗೋದು. ಕೂತು, ಯೋಚನೆ ಮಾಡಿ, ಬರೆದ ಕೋಡ್ ಇದು! ಬ್ಯಾಂಕಿನ ಕಡೆಯೂ ಇದೇ ಕಥೆ: ಗ್ರಾಹಕರು ಎಕ್ಸ್‌ಚೇಂಜ್‌ಗೆ ಅಂತ ಕಳಿಸಿದ ಡಾಲರ್ ಹೋಗಿ ಸೇರುತ್ತಿದ್ದದ್ದು ಅಲಮೇಡಾ ಹಿಡಿತದಲ್ಲಿದ್ದ ನಾರ್ತ್ ಡೈಮೆನ್ಷನ್ ಅನ್ನೋ ಕಂಪನಿಯ ಖಾತೆಗೆ. ಹೀಗೆ ಖಾಲಿಯಾದ ಗ್ರಾಹಕರ ದುಡ್ಡು ಸುಮಾರು 800 ಕೋಟಿ ಡಾಲರ್.

ಜೋಪಾನ ಮಾಡೋ ಸರ್ವಿಸ್‌ಗೆ ಸೊನ್ನೆ. ಮೈನಸ್ ಕೊಡೋಕೆ ಅವಕಾಶ ಇದ್ದಿದ್ದರೆ ಕೊಡುತ್ತಿದ್ದೆ, ಅಲಮೇಡಾಗೆ ಇದ್ದ ಹಾಗೆ.

ಮುಳುಗಿದ ವಾರದ ಕಥೆ ಎಲ್ಲರಿಗೂ ಗೊತ್ತಿರೋದೇ. 2022ರ ನವೆಂಬರ್ 2ರಂದು ಅಲಮೇಡಾದ ಆಸ್ತಿಯ ದೊಡ್ಡ ಪಾಲು ಎಫ್‌ಟಿಎಕ್ಸ್ ತಾನೇ ಹುಟ್ಟಿಸಿದ ಎಫ್‌ಟಿಟಿ ಟೋಕನ್ ಅಂತ ಸುದ್ದಿ ಬಂತು. 6ರಂದು ಎದುರಾಳಿ ಎಕ್ಸ್‌ಚೇಂಜ್ ಬೈನಾನ್ಸ್‌ನ ಆಗಿನ ಮುಖ್ಯಸ್ಥ ನಮ್ಮ ಹತ್ತಿರ ಇರೋ ಎಫ್‌ಟಿಟಿ ಎಲ್ಲ ಮಾರುತ್ತೇವೆ ಅಂದ. ಜನ ಮುಗಿಬಿದ್ದರು, 3 ದಿನದಲ್ಲಿ ಸುಮಾರು 600 ಕೋಟಿ ಡಾಲರ್ ವಾಪಸ್ ಕೇಳಿದರು. 7ರಂದು ಸ್ಯಾಮ್ ಎಲ್ಲ ಸರಿಯಾಗಿದೆ, ಆಸ್ತಿಯೂ ಸರಿಯಾಗಿದೆ ಅಂತ ಟ್ವೀಟ್ ಮಾಡಿ ಆಮೇಲೆ ಅಳಿಸಿದ. 8ರಂದು ವಿತ್‌ಡ್ರಾ ನಿಂತಿತು, 11ರಂದು ದಿವಾಳಿ ಅರ್ಜಿ.

ಈ ನಡುವೆ ಒಂದು ಕೊಳಕು ಕೆಲಸ ನಡೆಯಿತು, ಇದನ್ನು ಜನ ಮರೆತಿದ್ದಾರೆ. ಎಲ್ಲರಿಗೂ ವಿತ್‌ಡ್ರಾ ಬಂದ್ ಆಗಿದ್ದಾಗ, ಕಂಪನಿಯ ಕಚೇರಿ ಇದ್ದ ಬಹಾಮಾಸ್‌ನ ಗ್ರಾಹಕರಿಗೆ ಮಾತ್ರ ಬಾಗಿಲು ತೆರೆದರು. ಉಳಿದವರು ಅಲ್ಲಿನ ಖಾತೆದಾರರು ಮಾರಾಟಕ್ಕಿಟ್ಟ ಎನ್‌ಎಫ್‌ಟಿ ಅನ್ನೋ ಡಿಜಿಟಲ್ ಚಿತ್ರಗಳನ್ನು ಸಿಕ್ಕಾಪಟ್ಟೆ ಬೆಲೆಗೆ ಕೊಂಡು, ಆ ದಾರಿಯಲ್ಲಾದರೂ ದುಡ್ಡು ಹೊರಗೆ ತರೋಣ ಅಂತ ಒದ್ದಾಡಿದರು. ತಮ್ಮ ದುಡ್ಡನ್ನು ತಾವೇ ಕದ್ದು ಸಾಗಿಸೋ ಪರಿಸ್ಥಿತಿ. ಕಸ್ಟಮರ್ ಸಪೋರ್ಟ್ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯೋ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

ಇನ್ನು ದಿವಾಳಿ ಆದಮೇಲಿನ ಸರ್ವಿಸ್. ಇದನ್ನು ನಡೆಸಿದ್ದು ಹಳೇ ಮಂದಿ ಅಲ್ಲ, ಹಿಂದೆ ಅಮೆರಿಕದ ಇಂಧನ ಕಂಪನಿ ಎನ್ರಾನ್ ಮುಳುಗಿದಾಗ ಅದನ್ನು ಸಂಭಾಳಿಸಿದ್ದ ಜಾನ್ ರೇ. ಖರ್ಚಿನ ಮಂಜೂರಾತಿಯನ್ನು ಚಾಟ್‌ನಲ್ಲಿ ಎಮೋಜಿ ಒತ್ತಿ ಕೊಡುತ್ತಿದ್ದ ಕಂಪನಿ ಇದು. ಅಂಥ ಕಡೆಯಿಂದ ಲೆಕ್ಕಪತ್ರ ಹುಡುಕಿ ತೆಗೆದು, ಅಲ್ಲಿ ಇಲ್ಲಿ ಹೂಡಿದ್ದನ್ನೆಲ್ಲ ಮಾರಿ ನೂರಾರು ಕೋಟಿ ಡಾಲರ್ ಒಟ್ಟುಮಾಡಿದ್ದಕ್ಕೆ ಅವರ ತಂಡಕ್ಕೆ ಶಹಬ್ಬಾಸ್ ಅನ್ನಲೇಬೇಕು. ವಕೀಲರ ಫೀಸೂ ಕೋಟಿಗಟ್ಟಲೆ ಡಾಲರ್ ಆಯಿತು, ಅದು ಬೇರೆ ಮಾತು.

ಆದರೆ ಗ್ರಾಹಕನ ಕಡೆಯಿಂದ ನೋಡಿ. ಕ್ಲೇಮ್, ಅಂದ್ರೆ ನನಗೆ ಇಷ್ಟು ಬಾಕಿ ಬರಬೇಕು ಅನ್ನೋ ಹಕ್ಕು, ಅದರ ಪೋರ್ಟಲ್‌ಗೆ ಲಾಗಿನ್ ಆಗಬೇಕು. ನಾನು ನಾನೇ ಅಂತ ಮತ್ತೆ ಕೆವೈಸಿ ಕೊಡಬೇಕು. ಅವರು ತೋರಿಸೋ ಬ್ಯಾಲೆನ್ಸ್ ಒಪ್ಪಬೇಕು ಇಲ್ಲ ತಕರಾರು ಹಾಕಬೇಕು. ದುಡ್ಡು ಹಂಚೋ ಯೋಜನೆಗೆ ಮತ ಹಾಕಬೇಕು, ತೆರಿಗೆ ಫಾರಂ ತುಂಬಬೇಕು, ದುಡ್ಡು ಯಾವ ಸಂಸ್ಥೆಯ ಮೂಲಕ ಬರಲಿ ಅಂತ ಆರಿಸಿ ಅಲ್ಲಿ ಇನ್ನೊಂದು ಖಾತೆ ತೆರೆಯಬೇಕು, ಅದಕ್ಕೆ ಇನ್ನೊಂದು ಕೆವೈಸಿ. ಒಂದು ಹೆಜ್ಜೆ ತಪ್ಪಿದರೂ ಮುಂದಿನ ಕಂತಿನ ತನಕ ಕಾಯೋದು. ಸಾಲದ್ದಕ್ಕೆ 2023ರ ಆಗಸ್ಟ್‌ನಲ್ಲಿ ಕ್ಲೇಮ್ ಕೆಲಸ ನೋಡಿಕೊಳ್ಳುತ್ತಿದ್ದ ಕ್ರೋಲ್ ಕಂಪನಿಯ ಉದ್ಯೋಗಿಯೊಬ್ಬರ ಸಿಮ್ ಅನ್ನು ಕಳ್ಳರು ತಮ್ಮ ಕೈಗೆ ತೆಗೆದುಕೊಂಡು, ಗ್ರಾಹಕರ ಹೆಸರು, ಇಮೇಲ್ ಎಲ್ಲ ಸೋರಿ ಹೋಯಿತು. ಅಲ್ಲಿಂದ ಶುರುವಾಯಿತು, ನಿಮ್ಮ ಹಣ ವಾಪಸ್ ಪಡೆಯಲು ಇಲ್ಲಿ ಒತ್ತಿ ಅನ್ನೋ ಕಳ್ಳ ಮೇಲ್‌ಗಳ ಸುರಿಮಳೆ. ಒಮ್ಮೆ ಕಳೆದುಕೊಂಡವರ ಪಟ್ಟಿ ಕಳ್ಳರಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆ ಗಿರಾಕಿ ಪಟ್ಟಿ ಎಲ್ಲಿ ಸಿಗುತ್ತೆ ಹೇಳಿ.

ಕಾಯೋಕೆ ಆಗದವರು ಕ್ಲೇಮ್ ಅನ್ನೇ ಮಾರಿಕೊಂಡರು. ಮೊದಲ ತಿಂಗಳುಗಳಲ್ಲಿ ಒಂದು ಡಾಲರ್ ಕ್ಲೇಮ್‌ಗೆ ಸುಮಾರು 10 ಸೆಂಟ್ ಸಿಗುತ್ತಿತ್ತು. ಕೊಂಡವರು ದೊಡ್ಡ ಫಂಡ್‌ಗಳು. ಆ ಕ್ಲೇಮ್‌ಗಳ ಮೇಲೆ ಬಡ್ಡಿ ಸಮೇತ ಬಂದ ದುಡ್ಡೂ ಅವರಿಗೇ. 'ಗ್ರಾಹಕರಿಗೆ ಪೂರ್ತಿ ಬಂತು' ಅನ್ನೋ ಮಾತಿನ ಒಳಗೆ ಹೀಗೆ ಕ್ಲೇಮ್ ಮಾರಿಕೊಂಡವರು ಎಲ್ಲೂ ಕಾಣಲ್ಲ.

ಈಗ ಆ 119ಕ್ಕೆ ಬರೋಣ. ಅಮೆರಿಕದ ದಿವಾಳಿ ಕಾನೂನಿನಲ್ಲಿ ಕಂಪನಿ ಯಾರಿಗೆ ದುಡ್ಡು ಕೊಡಬೇಕೋ ಅವರ ಬಾಕಿಯನ್ನು ಅರ್ಜಿ ಹಾಕಿದ ದಿನದ ಬೆಲೆಗೆ ಡಾಲರ್‌ನಲ್ಲಿ ಲೆಕ್ಕ ಹಾಕುತ್ತಾರೆ. ಅಂದ್ರೆ 2022ರ ನವೆಂಬರ್ 11ರ ರೇಟು. ಆ ದಿನ ಈ ಕಂಪನಿಯೇ ಮುಳುಗಿದ ಗಾಬರಿಗೆ ಮಾರುಕಟ್ಟೆ ಪೂರ್ತಿ ನೆಲ ಕಚ್ಚಿತ್ತು. ಒಂದು ಬಿಟ್‌ಕಾಯಿನ್‌ಗೆ ಹಿಡಿದ ಬೆಲೆ 16,871 ಡಾಲರ್. ಈಥರ್ ಅನ್ನೋ ನಾಣ್ಯಕ್ಕೆ 1,258. ಸೊಲಾನಾ ಅನ್ನೋ ಇನ್ನೊಂದಕ್ಕೆ 16 ಡಾಲರ್ ಚಿಲ್ಲರೆ. ಎಫ್‌ಟಿಟಿಗೆ ಸೊನ್ನೆ. ಗ್ರಾಹಕರು ತಕರಾರು ಮಾಡಿದರು, 2024ರ ಜನವರಿಯಲ್ಲಿ ನ್ಯಾಯಾಧೀಶರು ಕಾನೂನು ಹೀಗೇ ಇದೆ ಅಂದರು.

ನಿಮ್ಮ ಖಾತೆಯಲ್ಲಿ ಒಂದು ಬಿಟ್‌ಕಾಯಿನ್ ಇತ್ತು ಅಂದುಕೊಳ್ಳಿ. 16,871ಕ್ಕೆ ಶೇ 119 ಅಂದ್ರೆ ಸುಮಾರು 20,000 ಡಾಲರ್. 50,000 ಡಾಲರ್ ಒಳಗಿನ ಕ್ಲೇಮ್‌ಗಳಿಗೆ ದುಡ್ಡು ಕೊಡೋಕೆ ಶುರು ಮಾಡಿದ್ದು 2025ರ ಫೆಬ್ರವರಿ 18ರಂದು. ಆ ಹೊತ್ತಿಗೆ ಬಿಟ್‌ಕಾಯಿನ್ 90,000 ಡಾಲರ್ ದಾಟಿತ್ತು. ಬಂದ ದುಡ್ಡಲ್ಲಿ ನಿಮ್ಮ ಒಂದು ನಾಣ್ಯದ ಕಾಲು ಭಾಗವನ್ನೂ ವಾಪಸ್ ಕೊಳ್ಳೋಕೆ ಆಗಲ್ಲ. ಸೊಲಾನಾ ಇಟ್ಟವರ ಹೊಟ್ಟೆಯುರಿ ಇನ್ನೂ ಜಾಸ್ತಿ. 2024ರಲ್ಲಿ ದಿವಾಳಿ ತಂಡ ತನ್ನ ಕೈಲಿದ್ದ ಸೊಲಾನಾದ ದೊಡ್ಡ ರಾಶಿಯನ್ನು ಹೂಡಿಕೆ ಸಂಸ್ಥೆಗಳಿಗೆ ಸುಮಾರು 64 ಡಾಲರ್‌ನಂತೆ ಮಾರಿತು, ಅದೂ ಮಾರುಕಟ್ಟೆಗಿಂತ ಕಡಿಮೆಗೆ. ಗ್ರಾಹಕರ ಲೆಕ್ಕದಲ್ಲಿ ಮಾತ್ರ ಅದು 16ಕ್ಕೇ ನಿಂತಿತ್ತು.

ನ್ಯಾಯವಾಗಿ ಹೇಳೋದಾದರೆ, ಡಾಲರ್ ಅಥವಾ ಡಾಲರ್ ಬೆಲೆಗೇ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಇಟ್ಟಿದ್ದವರಿಗೆ ಈ ಲೆಕ್ಕದಲ್ಲಿ ಅಂಥ ಮೋಸ ಆಗಲಿಲ್ಲ, ಬಡ್ಡಿಯೂ ಸಿಕ್ಕಿತು. ಮತ್ತೆ, ನಾಣ್ಯವನ್ನೇ ವಾಪಸ್ ಕೊಡಿ ಅಂದರೆ ಕೊಡೋಕೆ ಇರಲೂ ಇಲ್ಲ. ಜಾನ್ ರೇ ಕೋರ್ಟಿಗೆ ಬರೆದ ಪತ್ರದಲ್ಲಿ ಒಂದು ಲೆಕ್ಕ ಇದೆ: ಎಫ್‌ಟಿಎಕ್ಸ್ ಡಾಟ್ ಕಾಮ್ ಗ್ರಾಹಕರಿಗೆ ಸಲ್ಲಬೇಕಾಗಿದ್ದದ್ದು ಹತ್ತಿರ ಹತ್ತಿರ 1 ಲಕ್ಷ ಬಿಟ್‌ಕಾಯಿನ್, ಅಧಿಕಾರ ವಹಿಸಿಕೊಂಡಾಗ ಅಲ್ಲಿ ಇದ್ದದ್ದು 105. ಸ್ಕ್ರೀನ್ ಮೇಲೆ ಮಾತ್ರ 1 ಲಕ್ಷವೂ ಹೊಳೆಯುತ್ತಿತ್ತು. ಗ್ರಾಹಕರಿಗೆ ನಷ್ಟ ಆಗಿಲ್ಲ ಅನ್ನೋ ವಾದವನ್ನು ರೇ ಆ ಪತ್ರದಲ್ಲೇ ತಳ್ಳಿಹಾಕಿದ್ದರು. 2024ರ ಮಾರ್ಚ್ 28ರಂದು ಸ್ಯಾಮ್‌ಗೆ 25 ವರ್ಷದ ಶಿಕ್ಷೆ ಕೊಟ್ಟ ನ್ಯಾಯಾಧೀಶ ಕಪ್ಲನ್ ಕೂಡ ಅದನ್ನೇ ಹೇಳಿದರು: ಕದ್ದ ದುಡ್ಡನ್ನು ಲಾಸ್ ವೇಗಸ್‌ಗೆ ಒಯ್ದು ಜೂಜಿನಲ್ಲಿ ಗೆದ್ದ ಕಳ್ಳನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಲ್ಲ.

ಇದನ್ನು ಮೌಂಟ್ ಗಾಕ್ಸ್ ಜೊತೆ ಹೋಲಿಸಿ ನೋಡಿದರೆ ವಿಚಿತ್ರ ಅನ್ನಿಸುತ್ತೆ. ಟೋಕಿಯೋದ ಆ ಎಕ್ಸ್‌ಚೇಂಜ್ 2014ರ ಫೆಬ್ರವರಿಯಲ್ಲಿ ಮುಳುಗಿತು, ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆ, ಆಮೇಲೆ 2 ಲಕ್ಷ ಸಿಕ್ಕಿತು. ಅಲ್ಲೂ ಮೊದಲು ಹಳೇ ರೇಟೇ, ನಾಣ್ಯಕ್ಕೆ ಸುಮಾರು 483 ಡಾಲರ್. ಬೆಲೆ ಏರಿದ ಮೇಲೆ, ಈ ಲೆಕ್ಕ ಹಿಡಿದರೆ ಬಾಕಿ ಬರಬೇಕಾದವರಿಗೆ ಕೊಟ್ಟು ಮಿಕ್ಕಿದ್ದೆಲ್ಲ ಕಂಪನಿಯ ಒಡೆತನ ಇರೋರಿಗೇ ಹೋಗುತ್ತೆ ಅಂತ ಗೊತ್ತಾಯಿತು. ಗ್ರಾಹಕರು ಬಿಡಲಿಲ್ಲ. 2018ರಲ್ಲಿ ಟೋಕಿಯೋ ಕೋರ್ಟ್ ದಿವಾಳಿ ಪ್ರಕ್ರಿಯೆ ನಿಲ್ಲಿಸಿ ಪುನರ್ವಸತಿ ಪ್ರಕ್ರಿಯೆಗೆ ಬದಲಾಯಿಸಿತು, ನಾಣ್ಯವನ್ನೇ ಕೊಡೋಕೆ ದಾರಿ ಆಯಿತು. ಹಂಚಿಕೆ ಶುರುವಾಗಿದ್ದು 2024ರ ಜುಲೈಯಲ್ಲಿ. ಹತ್ತು ವರ್ಷ ಕಾದರು, ಇಟ್ಟಿದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಬಂತು, ಆದರೆ ಬಂದದ್ದು ನಾಣ್ಯ. ಶೇಕಡಾ ಲೆಕ್ಕದಲ್ಲಿ ಎಫ್‌ಟಿಎಕ್ಸ್ ಎಷ್ಟೋ ಮೇಲೆ, ಕೈಗೆ ಬಂದದ್ದರ ಬೆಲೆ ನೋಡಿದರೆ ಗಾಕ್ಸ್‌ನವರೇ ಗೆದ್ದರು. ಹಾಗಾಗಿ ಶೇಕಡಾ ಕೇಳಿ ಖುಷಿಪಡೋ ಮೊದಲು ಯಾವ ದಿನದ ರೇಟು ಅಂತ ಕೇಳಿ.

ವಾಪಸಾತಿಗೆ ನಾನು ಕೊಡೋದು ಎರಡು ಸ್ಟಾರ್. ಎರಡೂ ಹೊಸ ತಂಡದ ದುಡಿಮೆಗೆ.

ಈ ಗಲಾಟೆ ಆದಮೇಲೆ ಉಳಿದ ಎಷ್ಟೋ ಎಕ್ಸ್‌ಚೇಂಜ್‌ಗಳು 'ಪ್ರೂಫ್ ಆಫ್ ರಿಸರ್ವ್ಸ್' ಅಂತ ಶುರು ಮಾಡಿದವು. ನೋಡಿ, ನಮ್ಮ ವಾಲೆಟ್‌ನಲ್ಲಿ ಇಷ್ಟು ನಾಣ್ಯ ಇದೆ ಅಂತ ತೋರಿಸೋದು. ಏನೂ ಇಲ್ಲದೇ ಇರೋದಕ್ಕಿಂತ ವಾಸಿ, ಒಪ್ಪುತ್ತೇನೆ. ಆದರೆ ಎಷ್ಟಿದೆ ಅನ್ನೋದು ಅರ್ಧ ಲೆಕ್ಕ. ಎಷ್ಟು ಕೊಡಬೇಕು, ಆ ನಾಣ್ಯವನ್ನು ಬೇರೆ ಎಲ್ಲಾದರೂ ಅಡ ಇಟ್ಟಿದ್ದಾರಾ, ತೋರಿಸೋ ದಿನಕ್ಕೆ ಅಂತ ಸಾಲ ತಂದಿದ್ದಾರಾ ಅನ್ನೋದು ಎಷ್ಟೋ ಸಲ ಆ ಪುಟದಲ್ಲಿ ಕಾಣಲ್ಲ. ಇಂಥ ವರದಿ ಕೊಡುತ್ತಿದ್ದ ಮಜಾರ್ಸ್ ಅನ್ನೋ ಲೆಕ್ಕಪರಿಶೋಧನಾ ಸಂಸ್ಥೆ 2022ರ ಡಿಸೆಂಬರ್‌ನಲ್ಲೇ ಕ್ರಿಪ್ಟೋ ಕಂಪನಿಗಳ ಈ ಕೆಲಸವನ್ನು ನಿಲ್ಲಿಸಿತು, ಜನ ಈ ವರದಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಅನ್ನೋದೇ ಚಿಂತೆ ಅಂತ ಕಾರಣ ಹೇಳಿ.

ಹಾಗಾಗಿ ಮುಂದಿನ ಸಲ ಯಾವುದಾದರೂ ಎಕ್ಸ್‌ಚೇಂಜ್ ಬಗ್ಗೆ ಐದು ಸ್ಟಾರ್ ರಿವ್ಯೂ ಓದಿದಾಗ ಬರೆದವರು ದೊಡ್ಡ ಮೊತ್ತವನ್ನು ಹೊರಗೆ ತೆಗೆದು ನೋಡಿದ್ದಾರಾ ಅಂತ ಹುಡುಕಿ. ಎಷ್ಟು ಹೊತ್ತು ಹಿಡಿಯಿತು, ಏನೇನು ಕಾರಣ ಹೇಳಿ ತಡೆದರು, ಮಾರುಕಟ್ಟೆ ಬೀಳುತ್ತಿದ್ದ ದಿನವೂ ಬಟನ್ ಕೆಲಸ ಮಾಡಿತಾ ಅಂತ. ಇದರ ಬಗ್ಗೆ ಒಂದು ಸಾಲೂ ಇಲ್ಲ ಅಂದ್ರೆ ಅವರು ರಿವ್ಯೂ ಮಾಡಿರೋದು ಸ್ಕ್ರೀನನ್ನು.