ಜೈರೋಫ್ಲೋ: ಹೋರಿ ಓಟದಿಂದ ಲಕ್ಕುಂಡಿವರೆಗೆ ಎರಡು ವರ್ಷದ ಬಳಕೆ

ದೀಪಾವಳಿ ಮುಗಿದ ಮೇಲೆ ಹಾವೇರಿ ಕಡೆ ನಡೆಯುವ ಕೊಬ್ಬರಿ ಹೋರಿ ಓಟ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆ. ನೂಕುನುಗ್ಗಲು, ದೂಳು, ಅರ್ಧ ಫ್ರೇಮ್ ತುಂಬಿಕೊಂಡು ನುಗ್ಗಿ ಬರುವ ಹೋರಿ. ಚಿತ್ರ ನೋಡಿ ಕುಲುಕಾಟ ಅಳೆಯುವ ತಂತ್ರಾಂಶಗಳು ಹೋರಿಯ ಓಟವನ್ನೇ ಕ್ಯಾಮೆರಾದ ಅಲುಗಾಟ ಎಂದು ಎಣಿಸಿ ಹಿನ್ನೆಲೆಯನ್ನು ಅತ್ತಿತ್ತ ಎಳೆದಾಡುತ್ತವೆ. ಜೈರೋಫ್ಲೋ ಕೂಡ ವಿಡಿಯೊದ ಕುಲುಕಾಟ ನಿಲ್ಲಿಸುವ ತಂತ್ರಾಂಶವೇ, ಆದರೆ ಅಳತೆಗೆ ಚಿತ್ರವನ್ನು ನೆಚ್ಚಿಕೊಳ್ಳುವುದಿಲ್ಲ. ಕ್ಯಾಮೆರಾದೊಳಗೆ ತಿರುಗುವಿಕೆ ಅಳೆಯುವ ಜೈರೋ ಸೆನ್ಸರ್ ಬರೆದಿಟ್ಟ ಲೆಕ್ಕ ಓದಿ, ಕ್ಯಾಮೆರಾ ಎಷ್ಟು ಓಲಿತೋ ಅಷ್ಟನ್ನೇ ಚಿತ್ರವನ್ನು ಉಲ್ಟಾ ತಿರುಗಿಸುತ್ತದೆ. ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಲ್ಲಿ ಹೇಳಿರುವುದು ಸೋನಿ ಝಡ್‌ವಿ-ಇ10 ಮತ್ತು ಗೋಪ್ರೋ ಹೀರೋ 11 ಫೈಲುಗಳ ಮಾತು.

ಗುಣಮಟ್ಟ ಉಳಿಯುವುದು ಕೆಡುವುದು ಎಡಿಟಿಂಗ್ ಟೇಬಲ್ಲಿಗಿಂತ ಮೊದಲೇ, ಶಟರ್‌ನಲ್ಲಿ ತೀರ್ಮಾನವಾಗಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಸೆಕೆಂಡ್ ಎಂಬ ರೂಢಿಯ ಲೆಕ್ಕ ಟ್ರೈಪಾಡ್‌ಗೆ ಸರಿ, ಇಲ್ಲಿ ಅಲ್ಲ. ಕೈ ಅಲುಗಿದಾಗ ಪ್ರತಿ ಫ್ರೇಮಿನೊಳಗೂ ಮಸುಕು ಕೂತಿರುತ್ತದೆ. ತಂತ್ರಾಂಶ ಫ್ರೇಮನ್ನು ನಿಲ್ಲಿಸುತ್ತದೆ, ಮಸುಕನ್ನು ಅಳಿಸುವುದಿಲ್ಲ. ಕೊನೆಗೆ ಗೋಡೆ ಗಟ್ಟಿಯಾಗಿ ನಿಂತಿರುತ್ತದೆ, ಆದರೆ ಹೆಜ್ಜೆಗೊಮ್ಮೆ ಮಂಜಾಗಿ ಮತ್ತೆ ಚೊಕ್ಕಾಗುತ್ತದೆ. ಕುಲುಕಾಟಕ್ಕಿಂತ ಅದೇ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಬಿಸಿಲಿನಲ್ಲಿ 1/200ಕ್ಕಿಂತ ಕೆಳಗೆ ಇಳಿಯಬೇಡಿ, ಓಟದ ದೃಶ್ಯಕ್ಕೆ 1/500 ಇಡಿ.

ಎರಡನೆಯದು ಅಂಚಿನ ಜಾಗ. ಚಿತ್ರ ತಿರುಗಿಸಿದಾಗ ಖಾಲಿ ಬೀಳುವ ಅಂಚನ್ನು ಮುಚ್ಚಲು ಜೈರೋಫ್ಲೋ ಝೂಮ್ ಮಾಡುತ್ತದೆ. 3840 ಅಗಲದ 4ಕೆ ಚಿತ್ರವನ್ನು 115% ಝೂಮ್ ಮಾಡಿದರೆ ಸುಮಾರು 3339 ಪಿಕ್ಸೆಲ್ ಉಳಿಯುತ್ತದೆ. ಫಲಿತಾಂಶ 1080ಪಿ ಆಗಿದ್ದರೆ ಬೇಕಾದದ್ದು 1920 ಅಷ್ಟೇ, ಅಂದರೆ ನಷ್ಟವೇ ಇಲ್ಲ. 1080ಪಿಯಲ್ಲೇ ಚಿತ್ರೀಕರಿಸಿ 1080ಪಿಗೇ ಕೊಟ್ಟರೆ ಅದೇ ಝೂಮ್‌ಗೆ ಚಿತ್ರ ಹಿಗ್ಗಿ ಮೆತ್ತಗಾಗುತ್ತದೆ. ಗೋಪ್ರೋದಲ್ಲಿ 8:7 ಅಳತೆ (5312×4648) ಆರಿಸಿ. ಪೂರ್ಣ ಅಗಲದ 16:9 ಚಿತ್ರ ತೆಗೆದರೂ ಮೇಲೆ 830, ಕೆಳಗೆ 830 ಪಿಕ್ಸೆಲ್ ಕೈಯಲ್ಲಿರುತ್ತದೆ. ನಡಿಗೆಯಲ್ಲಿ ಕ್ಯಾಮೆರಾ ಮೇಲೆ-ಕೆಳಗೆ ವಾಲುವುದಕ್ಕೆ ಬೇಕಾಗುವುದು ಇದೇ ಜಾಗ.

ಕ್ಯಾಮೆರಾದ ಸ್ವಂತ ಸ್ಟೆಬಿಲೈಸೇಷನ್ ಬಂದ್ ಇರಲಿ: ಸೋನಿಯಲ್ಲಿ ಸ್ಟೆಡಿಶಾಟ್, ಗೋಪ್ರೋದಲ್ಲಿ ಹೈಪರ್‌ಸ್ಮೂತ್. ಇಲ್ಲದಿದ್ದರೆ ಒಮ್ಮೆ ಸರಿಪಡಿಸಿದ್ದನ್ನೇ ಇನ್ನೊಮ್ಮೆ ಸರಿಪಡಿಸಹೋಗಿ ಚಿತ್ರ ಹೊಸದಾಗಿ ನಡುಗುತ್ತದೆ. ಕಾರ್ಡಿನ ಮೂಲ ಫೈಲನ್ನೇ ತೆರೆಯಬೇಕು. ವಾಟ್ಸಾಪಿನಲ್ಲಿ ಬಂದ ಅಥವಾ ಬೇರೆ ಆ್ಯಪ್‌ನಲ್ಲಿ ಕನ್ವರ್ಟ್ ಆದ ಕ್ಲಿಪ್‌ನಲ್ಲಿ ಜೈರೋ ಲೆಕ್ಕ ಉದುರಿಹೋಗಿರುತ್ತದೆ. "ಈ ಕ್ಯಾಮೆರಾಕ್ಕೆ ಕೆಲಸ ಮಾಡುವುದಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇಲ್ಲೇ.

ಲೆನ್ಸ್ ಪ್ರೊಫೈಲ್ (ಲೆನ್ಸ್ ಚಿತ್ರವನ್ನು ಹೇಗೆ ಬಾಗಿಸುತ್ತದೆ ಎಂಬ ಅಳತೆಯ ಫೈಲ್) ನಿಮ್ಮ ರೆಸಲ್ಯೂಷನ್ನಿಗೂ ಹೊಂದುತ್ತದೆಯೇ ನೋಡಿ. ತಪ್ಪಾದರೆ ನಡುಭಾಗ ಚೆನ್ನಾಗಿದ್ದು ಮೂಲೆಗಳು ರಬ್ಬರಿನಂತೆ ಬಾಗುತ್ತವೆ. ನೇರ ಗೆರೆಗಳು ವಾಲಿ ಜೆಲ್ಲಿಯಂತೆ ನಡುಗಿದರೆ ರೋಲಿಂಗ್ ಶಟರ್ ಸಂಖ್ಯೆ (ಸೆನ್ಸರ್ ಒಂದು ಫ್ರೇಮನ್ನು ಸಾಲುಸಾಲಾಗಿ ಓದಲು ಹಿಡಿಯುವ ಸಮಯ) ಪರೀಕ್ಷಿಸಿ. ನಿಂತು ತೆಗೆದ ದೃಶ್ಯಕ್ಕೆ ಸ್ಮೂತ್‌ನೆಸ್ 0.5 ಸಾಕು, ನಡಿಗೆಗೆ 0.8ರಿಂದ 1. ಅಲುಗಾಟಕ್ಕೆ ತಕ್ಕಂತೆ ಬದಲಾಗುವ ಡೈನಾಮಿಕ್ ಝೂಮ್ ಉದ್ದ ಶಾಟಿಗೆ ಒಳ್ಳೆಯದು, ಐದಾರು ಸೆಕೆಂಡಿನದಕ್ಕೆ ಒಂದೇ ಅಳತೆಯಲ್ಲಿ ನಿಲ್ಲುವ ಸ್ಟ್ಯಾಟಿಕ್ ಇಡಿ. ಇಲ್ಲದಿದ್ದರೆ ಚಿತ್ರ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತದೆ. ಬಿಟ್‌ರೇಟ್ ಮೂಲಕ್ಕಿಂತ ಇಳಿಸಬೇಡಿ. 100 ಎಂಬಿಪಿಎಸ್ ಅಂದರೆ ನಿಮಿಷಕ್ಕೆ 750 ಎಂಬಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಬಳಸುವವರು ಜೈರೋಫ್ಲೋದ ಪ್ಲಗಿನ್ ಹಾಕಿಕೊಂಡರೆ ನಡುವಿನ ಒಂದು ರೆಂಡರ್ ಪೂರ್ತಿ ತಪ್ಪುತ್ತದೆ. ಗುಣಮಟ್ಟದ ದೃಷ್ಟಿಯಿಂದ ಇದೇ ಸರಿಯಾದ ದಾರಿ.

ಇನ್ನು ಇದರಿಂದ ಆಗದ ಕೆಲಸ. ಜೈರೋ ಅಳೆಯುವುದು ತಿರುಗುವಿಕೆಯನ್ನು ಮಾತ್ರ. ಕ್ಯಾಮೆರಾ ಇಡಿಯಾಗಿ ಮೇಲೆ ಕೆಳಗೆ ಸರಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುತ್ತ ತೆಗೆದರೆ ದೂರದ ನೀರು, ಮರ ಎಲ್ಲ ತೇಲಿದಂತೆ ಬರುತ್ತದೆ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಕಂಬಗಳ ನಡುವೆ ನಡೆದರೆ ಎರಡಡಿ ದೂರದ ಕಂಬ ಹೆಜ್ಜೆಹೆಜ್ಜೆಗೂ ಜಿಗಿಯುತ್ತಲೇ ಇರುತ್ತದೆ. ಅಲ್ಲಿ ಮೊಣಕಾಲು ಸಡಿಲಿಸಿ ಮೆಲ್ಲಗೆ ಹೆಜ್ಜೆ ಇಡಬೇಕು, ಇಲ್ಲವೇ ನಿಂತು ಬರೀ ಕ್ಯಾಮೆರಾ ತಿರುಗಿಸಬೇಕು.

ರಾತ್ರಿ ಮದುವೆ ಆರತಕ್ಷತೆಗೂ ಇದು ಬೇಡ. ನಮ್ಮ ಕರೆಂಟ್ 50 ಹರ್ಟ್ಸ್. ಎಲ್ಇಡಿ ಸರಗಳು ಮಿನುಗದಿರಬೇಕಾದರೆ ಶಟರ್ 1/50 ಇಲ್ಲವೇ 1/100ಕ್ಕೆ ಕಟ್ಟುಬೀಳುತ್ತದೆ. ಆ ಶಟರ್‌ನಲ್ಲಿ ನಡೆದರೆ ಮಸುಕು ಖಾತ್ರಿ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟಾರ್ ಹಿಡಿಕೆ, ಅಂದರೆ ಗಿಂಬಲ್, ಬಾಡಿಗೆಗೆ ತರುವುದೇ ಲೇಸು.

ಜೈರೋ ಲೆಕ್ಕ ಬರೆಯದ ಹಳೆಯ ಡಿಎಸ್ಎಲ್ಆರ್ ಇದ್ದವರಿಗೆ ರಿಸಾಲ್ವ್‌ನ ಸ್ಟೆಬಿಲೈಸರ್ ಇದೆ. ಪರ್ಸ್‌ಪೆಕ್ಟಿವ್ ಬಿಟ್ಟು ಮೊದಲು ಟ್ರಾನ್ಸ್‌ಲೇಷನ್ (ಅತ್ತಿತ್ತ, ಮೇಲೆ ಕೆಳಗೆ ಸರಿಸುವುದಷ್ಟೇ), ಸಾಲದಿದ್ದರೆ ಸಿಮಿಲಾರಿಟಿ (ಜೊತೆಗೆ ಝೂಮ್ ಮತ್ತು ತಿರುಗಿಸುವಿಕೆ) ಆರಿಸಿ. ಕ್ರಾಪಿಂಗ್ ರೇಷಿಯೋ ಇಳಿಸಿದಷ್ಟೂ ಕತ್ತರಿ ಹೆಚ್ಚು ಬೀಳುತ್ತದೆ. 1ಕ್ಕೆ ಇಟ್ಟರೆ ಏನೂ ನಡೆಯುವುದಿಲ್ಲ.